ಇಳಿಯುವ ಸ್ಟೇಷನ್ ಮೊದಲು

ಪುಟ್ಟಿ, ಟಿಕೆಟ್ ತೆಗೆಯುವ ಮುಂಚೆ, ಚೀಲ ತುಂಬುವ ಮುಂಚೆ, ನಿಮ್ಮಮ್ಮ ಚಕ್ಕುಲಿ ಕರಿಯಲು ಕೂರುವ ಮುಂಚೆ ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡು. ನೀನು ಇಳಿಯುವುದು ಎಲ್ಲಿ?

‘ಬೆಂಗಳೂರಲ್ಲಿ ಮಾವ’ ಅನ್ನಬೇಡ. ತಿಪಟೂರಿನ ಅರ್ಧ ಜನ ಹಾಗೆ ಹೇಳಿಕೊಂಡೇ ರೈಲು ಹತ್ತುತ್ತಾರೆ. ಎಲ್ಲರೂ ಇಳಿದ ಕಡೆ ತಾವೂ ಇಳಿಯುತ್ತಾರೆ. ಆಮೇಲೆ ರೈಲಿಗೆ ಕೊಟ್ಟ ದುಡ್ಡಿನ ಎಷ್ಟೋ ಪಟ್ಟು ಆಟೋದವನಿಗೆ ಕೊಟ್ಟು, ರೈಲಿನಲ್ಲಿ ದಾಟಿ ಬಂದ ಜಾಗಕ್ಕೇ ವಾಪಸು ಹೋಗುತ್ತಾರೆ. ನಾನು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿ ಚೀಲದ ಬಾಯಿ ಹೊಲಿದ ಮೇಲೆ ಅದರ ಮೈಮೇಲೆ ಮಾರ್ಕು ಬೀಳದೆ ಹಮಾಲಿ ಅದನ್ನು ಮುಟ್ಟುತ್ತಿರಲಿಲ್ಲ. ಯಾವ ಊರು, ಯಾವ ಪಾರ್ಟಿ ಅಂತ ಬರೆದಿಲ್ಲದ ಚೀಲ ಲಾರಿ ಹತ್ತಿದರೂ ಒಂದೇ, ಹತ್ತದಿದ್ದರೂ ಒಂದೇ. ನಿನ್ನ ಮೇಲೂ ಮೊದಲು ಮಾರ್ಕು ಬೀಳಲಿ. ಯಾವ ರೈಲು, ಯಾವ ಟಿಕೆಟ್, ಎಷ್ಟು ಗಂಟು, ಯಾವ ಡಬ್ಬಿ ಎನ್ನುವುದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ.

ಬೆಂಗಳೂರಿಗೆ ಇರುವುದು ಒಂದು ಸ್ಟೇಷನ್ ಅಲ್ಲ. ನಮ್ಮ ಕಡೆಯಿಂದ ಹೋಗುವಾಗ ಮೊದಲು ಸಿಗುವ ದೊಡ್ಡದು ಯಶವಂತಪುರ. ಅದರ ಮುಂದೆ ಮಲ್ಲೇಶ್ವರ, ಆಮೇಲೆ ನಾವು ಹಳಬರು ಇನ್ನೂ ಸಿಟಿ ಸ್ಟೇಷನ್ ಅನ್ನುವ, ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿರುವ ನಿಲ್ದಾಣ. ಇನ್ನೊಂದು ಪಕ್ಕದಲ್ಲಿ ದಂಡು, ಅದರಾಚೆ 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಎಲ್ಲ ರೈಲೂ ಎಲ್ಲ ಕಡೆ ಹೋಗುವುದಿಲ್ಲ. ಕೆಲವು ಯಶವಂತಪುರಕ್ಕೇ ಮುಗಿಯುತ್ತವೆ, ಕೆಲವು ಅಲ್ಲಿಂದ ತಿರುಗಿ ಬೈಯಪ್ಪನಹಳ್ಳಿ ಕಡೆ ಹೋಗುತ್ತವೆ. ಮೊಬೈಲಿನಲ್ಲಿ ‘ಬೆಂಗಳೂರು’ ಅಂತ ಒತ್ತಿದರೆ ಅದು ಇಷ್ಟನ್ನೂ ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಕೊನೆಯ ಸ್ಟೇಷನ್ನಿನ ಹೆಸರು ಓದದೆ ಟಿಕೆಟ್ ತೆಗೆಯಬೇಡ.

ನಿನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಪಿಜಿಯೂ ಅಲ್ಲೇ ಹತ್ತಿರದಲ್ಲಿ ಅಂತ ನಿಮ್ಮಮ್ಮ ಹೇಳಿದಳು. ಹಾಗಿದ್ದರೆ ನೀನು ಯಶವಂತಪುರದಲ್ಲಿ ಇಳಿ. ಸಿಟಿ ಸ್ಟೇಷನ್ ಇರುವ ಮೆಜೆಸ್ಟಿಕ್‌ಗೆ ಹೋಗಬೇಡ. ತುಮಕೂರು ರಸ್ತೆಯ ಕಡೆಯಿಂದ ಹೊರಬಂದರೆ ಹಸಿರು ಮಾರ್ಗದ ಮೆಟ್ರೋ ಇದೆ. ರೇಷ್ಮೆ ಸಂಸ್ಥೆಯ ಕಡೆ ಹೋಗುವ ಗಾಡಿ ಹತ್ತಿ ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗಕ್ಕೆ ಬದಲಾಯಿಸು. ಆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದದ್ದು, ಅದರಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೂ ಹೋಗಬಹುದು. ಅದಕ್ಕೆ ಮುಂಚೆ ನಮ್ಮೂರಿನ ಹುಡುಗರು ಮೆಜೆಸ್ಟಿಕ್‌ನಲ್ಲಿ ಇಳಿದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನೊಳಗೆ ನಿಂತುಕೊಂಡೇ ಅರ್ಧ ಆಯಸ್ಸು ಕಳೆದರು. ನಿನ್ನ ಗೆಳತಿ ವೈಟ್‌ಫೀಲ್ಡ್‌ಗೆ ಹೋಗುವವಳಾದರೆ ಅವಳ ಲೆಕ್ಕ ಬೇರೆ. ಅವಳು ಸಿಟಿ ಸ್ಟೇಷನ್ನಿನವರೆಗೂ ಹೋಗಿ ನೇರಳೆ ಮಾರ್ಗ ಹಿಡಿಯಲಿ. ಇಬ್ಬರೂ ಜೊತೆಯಲ್ಲಿ ಹತ್ತಿ, ಬೇರೆ ಬೇರೆ ಕಡೆ ಇಳಿಯಿರಿ. ಜೊತೆಗೆ ಇರಬೇಕು ಅನ್ನುವ ಆಸೆಗೆ ಒಬ್ಬಳು ಒಂದು ಗಂಟೆ ಕಳೆದುಕೊಳ್ಳುವುದು ಬೇಡ.

ಬಸ್ಸಿನ ದಾರಿಯಲ್ಲೇ ಸಿಗುವ ಪೀಣ್ಯಕ್ಕೋ ದಾಸರಹಳ್ಳಿಗೋ ಹೋಗುವವಳಾಗಿದ್ದರೆ ಇಷ್ಟೆಲ್ಲ ಹೇಳುತ್ತಿರಲಿಲ್ಲ, ಬಸ್ಸು ಹತ್ತು ಅಂದುಬಿಡುತ್ತಿದ್ದೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಧಾರ್ ತೋರಿಸಿದರೆ ಶೂನ್ಯದ ಟಿಕೆಟ್ ಹರಿದುಕೊಡುತ್ತಾರೆ. ಹಾಗಿರುವಾಗ ರೈಲಿಗೆ ದುಡ್ಡು ಯಾಕೆ ಅಂತ ನೀನು ಕೇಳುವುದು ನ್ಯಾಯವೇ. ಕೆ.ಬಿ. ಕ್ರಾಸ್‌ನಿಂದ ಗುಬ್ಬಿ, ತುಮಕೂರಿನವರೆಗೆ ಬಸ್ಸು ಚೆನ್ನಾಗಿಯೇ ಹೋಗುತ್ತದೆ. ನೆಲಮಂಗಲ ದಾಟಿದ ಮೇಲೆ ಅದು ಯಾವಾಗ ಊರು ಮುಟ್ಟುತ್ತದೆ ಅನ್ನುವುದು ಡ್ರೈವರ್ ಕೈಯಲ್ಲೂ ಇಲ್ಲ, ದೇವರ ಕೈಯಲ್ಲೂ ಇಲ್ಲ. 2021ರ ಕೊನೆಗೆ ಪೀಣ್ಯದ ಮೇಲ್ಸೇತುವೆಯಲ್ಲಿ ದೋಷ ಕಂಡು ದೊಡ್ಡ ಗಾಡಿಗಳನ್ನು ವರ್ಷಗಟ್ಟಲೆ ಅದರ ಮೇಲೆ ಬಿಡಲಿಲ್ಲ. ಆಗ ಗೊರಗುಂಟೆಪಾಳ್ಯ ದಾಟಿದವನೇ ಗಂಡಸು ಅನ್ನುವ ಹಾಗಿತ್ತು. ಈಗ ಬಿಟ್ಟಿದ್ದಾರೆ, ಆದರೂ ಸೋಮವಾರ ಬೆಳಿಗ್ಗೆ ಆ ಕಡೆ ಹೋಗಿ ನೋಡು. ರೈಲಿಗೆ ಆ ಕಾಟವಿಲ್ಲ. ಇನ್ನೊಂದು ಮಾತನ್ನು ಮಾವನಾಗಿ ಹೇಳಲು ಸಂಕೋಚ, ಆದರೂ ಯಾರಾದರೂ ಹೇಳಬೇಕಲ್ಲ. ರೈಲಿನಲ್ಲಿ ಪಾಯಿಖಾನೆ ಇದೆ, ಬಸ್ಸಿನಲ್ಲಿ ಇಲ್ಲ. ಮೂರು ನಾಲ್ಕು ಗಂಟೆಯ ದಾರಿಗೆ ನೀರು ಕುಡಿಯದೆ ಹೊರಡುವ ಹೆಣ್ಣುಮಕ್ಕಳನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನೀನು ಹಾಗೆ ಮಾಡಬೇಡ. ನೀರು ಕುಡಿ, ರೈಲು ಹತ್ತು. ಮಧ್ಯಾಹ್ನದ ಹೊತ್ತು, ಕೈಯಲ್ಲಿ ಬರೀ ಒಂದು ಪರ್ಸು ಇದ್ದಾಗ ಬಸ್ಸೇ ವಾಸಿ, ಅದನ್ನೂ ಒಪ್ಪುತ್ತೇನೆ. ಬಸ್ಸು ನಿನ್ನನ್ನು ಕಾಯುತ್ತದೆ, ರೈಲನ್ನು ನೀನು ಕಾಯಬೇಕು.

ಕಾಯುವ ವಿಷಯದಲ್ಲಿ ನಿಮ್ಮಜ್ಜಿಯ ಮಾತು ಕೇಳಬೇಡ. ‘ರೈಲು ಅಂದಮೇಲೆ ಲೇಟೇ, ನಿಧಾನಕ್ಕೆ ಹೋಗು’ ಅನ್ನುತ್ತಾರೆ. ಅವರ ಕಾಲಕ್ಕೆ ಅದು ನಿಜವೇ. ಆಗ ಇದ್ದದ್ದು ಮೀಟರ್ ಗೇಜ್, ಒಂಟಿ ಹಳಿ. ಎದುರಿನ ಗಾಡಿ ಬರುವವರೆಗೆ ಬಾಣಸಂದ್ರದಲ್ಲೋ ನಿಟ್ಟೂರಿನಲ್ಲೋ ಕ್ರಾಸಿಂಗ್ ಅಂತ ನಿಲ್ಲಿಸಿಬಿಡುತ್ತಿದ್ದರು. ಜನ ಕೆಳಗಿಳಿದು ಬೀಡಿ ಹಚ್ಚಿ, ಹೊಂಗೆಮರದ ಕೆಳಗೆ ಕೂತು, ಎರಡು ಮನೆಯ ಸಂಬಂಧ ಕುದುರಿಸಿ ಮತ್ತೆ ಹತ್ತುತ್ತಿದ್ದರು. 1990ರ ದಶಕದಲ್ಲಿ ಹಳಿ ಅಗಲವಾಯಿತು, ಆಮೇಲೆ ಜೋಡಿಯಾಯಿತು, ಈಗ ಮೇಲೆ ಕರೆಂಟಿನ ತಂತಿಯೂ ಬಂದಿದೆ. ಸುಮಾರು 140 ಕಿಲೋಮೀಟರ್ ದಾರಿಯನ್ನು ಒಳ್ಳೆಯ ಎಕ್ಸ್‌ಪ್ರೆಸ್ ಎರಡೂವರೆ ಗಂಟೆ ಆಸುಪಾಸಿನಲ್ಲಿ ಮುಗಿಸುತ್ತದೆ. ನಮ್ಮ ತಿಪಟೂರಿನಲ್ಲಿ ಅದು ನಿಲ್ಲುವುದು ಒಂದೆರಡು ನಿಮಿಷ ಅಷ್ಟೆ. ವಂದೇ ಭಾರತ್ ಅಂತೂ ನಿಲ್ಲುವುದೇ ಇಲ್ಲ, ಪ್ಲಾಟ್‌ಫಾರಂ ಮೇಲಿನ ಧೂಳನ್ನು ನಮ್ಮ ಮುಖಕ್ಕೆ ಎರಚಿ ತುಮಕೂರಿನಲ್ಲಿ ನಿಲ್ಲುತ್ತದೆ. ಕೊಬ್ಬರಿ ಊರಿಗೆ ಅಷ್ಟೂ ಮರ್ಯಾದೆ ಇಲ್ಲವೇ ಅಂತ ನನಗೆ ಆಗಾಗ ಸಿಟ್ಟು ಬರುತ್ತದೆ. ಅದು ಬಿಡು.

ಈ ಹಳಿ ಬಂದದ್ದೇ ಪ್ರಯಾಣಿಕರನ್ನು ನೆನೆದಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮೈಸೂರು ಸೀಮೆಯ ಜನ ಲಕ್ಷಗಟ್ಟಲೆ ಸತ್ತರು. ಹೊರಗಿನ ಧಾನ್ಯವನ್ನು ಒಳನಾಡಿನ ಹಸಿದ ಊರಿಗೆ ಮುಟ್ಟಿಸಲು ಎತ್ತಿನ ಗಾಡಿಯ ದಾರಿಯೊಂದೇ ಇತ್ತು, ಎಳೆಯುವ ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು. ಅದಾದ ಮೇಲೆ ಸಂಸ್ಥಾನ ರೈಲಿನ ಬೆನ್ನು ಹತ್ತಿತು. 1882ಕ್ಕೆ ಬೆಂಗಳೂರಿನಿಂದ ಮೈಸೂರಿಗೆ ಹಳಿ ಮುಟ್ಟಿತು, 1884ಕ್ಕೆ ಈ ಕಡೆ ತುಮಕೂರು ದಾಟಿ ಗುಬ್ಬಿಗೆ ಬಂತು, ಆಮೇಲೆ ನಮ್ಮೂರು, ಅರಸೀಕೆರೆ, ಹರಿಹರ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲೇ. ಒಂದಕ್ಕೊಂದು ಸಂಬಂಧವಿದೆ ಅಂತ ನಾನು ಹೇಳುತ್ತಿಲ್ಲ, ಆದರೆ ಪರದೆ ಪೆಟ್ಟಿಗೆಗಳನ್ನೆಲ್ಲ ಕಟ್ಟಿಕೊಂಡು ಊರೂರು ತಿರುಗುವ ಕಂಪನಿಗೆ ಮನೆ ಬಾಗಿಲಿಗೇ ರೈಲು ಬಂದರೆ ಕೆಟ್ಟದ್ದೇನೂ ಆಗಿರಲಾರದು. ಇದನ್ನು ಯಾಕೆ ಹೇಳಿದೆ ಅಂದರೆ, ಸರಕಿಗಾಗಿ ಎಳೆದ ಹಳಿಯಾದ್ದರಿಂದಲೋ ಏನೋ, ಈ ದಾರಿಯ ಎಷ್ಟೋ ಸಣ್ಣ ಸ್ಟೇಷನ್ನುಗಳು ಹೆಸರು ಹೊತ್ತ ಊರಿನಿಂದ ದೂರ ಇವೆ. ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಇಳಿದು ಊರಿನೊಳಕ್ಕೆ ನಡೆಯುತ್ತೇನೆ ಅಂತ ಕತ್ತಲಾದ ಮೇಲೆ ಹೊರಡಬೇಡ.

ಇನ್ನು ಟಿಕೆಟ್. ಮೊದಲ ಸಲ ಹೋಗುವಾಗ, ಅದೂ ಗಂಟು ಮೂಟೆ ಇರುವಾಗ, ಇಂಟರ್‌ಸಿಟಿಯಂಥ ಗಾಡಿಯಲ್ಲಿ ಸೆಕೆಂಡ್ ಸಿಟ್ಟಿಂಗ್ ರಿಸರ್ವ್ ಮಾಡಿಸು. ಜನರಲ್‌ಗಿಂತ ಹೆಚ್ಚು ಖರ್ಚಾಗುವುದು ಒಂದೆರಡು ಕಾಫಿಯ ದುಡ್ಡು. ಈಗ ಬುಕಿಂಗನ್ನು 60 ದಿನ ಮುಂಚೆ ತೆರೆಯುತ್ತಾರೆ. ಹಬ್ಬದ ಹಿಂದುಮುಂದೆ ಹೋಗುವುದಾದರೆ ಆ ದಿನವೇ ಕೂತು ಮಾಡಿಸಿಬಿಡು. ಹತ್ತುವ ಸ್ಟೇಷನ್ ತಿಪಟೂರು ಅಂತಲೇ ಇರಲಿ. ಯಾರೋ ಅರಸೀಕೆರೆಯಿಂದ ಹಾಕಿಸು, ಸೀಟು ಬೇಗ ಸಿಗುತ್ತದೆ ಅನ್ನುತ್ತಾರೆ. ಅರಸೀಕೆರೆಯಲ್ಲಿ ನೀನು ಕಾಣದಿದ್ದರೆ ಟಿಟಿಇ ನಿನ್ನ ಸೀಟನ್ನು ಇನ್ನೊಬ್ಬರಿಗೆ ಬರೆದುಕೊಡಬಹುದು, ಆಮೇಲೆ ನಿನ್ನ ವಾದ ಕೇಳುವವರು ಯಾರು? ವೇಟಿಂಗ್ ಲಿಸ್ಟ್‌ನ ಟಿಕೆಟ್ ಹಿಡಿದು ರಿಸರ್ವ್ ಡಬ್ಬಿಗೆ ಹತ್ತುವ ಹಳೇ ಚಾಳಿಯನ್ನೂ ಕಲಿಯಬೇಡ, ಇಳಿಸಿಬಿಡುತ್ತಾರೆ.

ಆಮೇಲಿನ ದಿನಗಳಲ್ಲಿ ಜನರಲ್‌ನಲ್ಲೇ ಓಡಾಡು. ಆ ಟಿಕೆಟ್ಟನ್ನು ಮೊಬೈಲಿನ ರೈಲ್‌ಒನ್ ಆ್ಯಪ್‌ನಲ್ಲೂ ತೆಗೆಯಬಹುದು. ಆದರೆ ಗಾಡಿ ಬಂದಮೇಲೆ ಪ್ಲಾಟ್‌ಫಾರಂ ಮೇಲೆ ನಿಂತು ಒತ್ತುತ್ತೇನೆ ಅನ್ನಬೇಡ, ಮನೆಯಿಂದ ಹೊರಡುವಾಗಲೇ ತೆಗೆದುಕೊ. ಕೌಂಟರಿಗೆ ಹೋದರೆ ಬರೀ ‘ಒಂದು ಯಶವಂತಪುರ’ ಅನ್ನದೆ ಯಾವ ಗಾಡಿ ಅಂತಲೂ ಹೇಳು. ಪ್ಯಾಸೆಂಜರ್‌ಗೆ ಒಂದು ದರ, ಎಕ್ಸ್‌ಪ್ರೆಸ್‌ಗೆ ಇನ್ನೊಂದು, ಸೂಪರ್‌ಫಾಸ್ಟ್‌ಗೆ ಅದರ ಮೇಲೆ ಇನ್ನಷ್ಟು. ಗಾಡಿಯ ನಂಬರು 12, 20 ಅಥವಾ 22ರಿಂದ ಶುರುವಾದರೆ ಸೂಪರ್‌ಫಾಸ್ಟ್ ಅಂತ ತಿಳಿ. ಅಗ್ಗದ ಟಿಕೆಟ್ ಹಿಡಿದು ಅದನ್ನು ಹತ್ತಿದರೆ ಕೈಯಲ್ಲಿ ಟಿಕೆಟ್ ಇದ್ದೂ ತಪ್ಪಿತಸ್ಥೆ ಆಗುತ್ತೀಯ. ಟಿಕೆಟ್ಟೇ ಇಲ್ಲದವರಿಗೆ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ. ನಮ್ಮ ದಾರಿಯ ಟಿಕೆಟ್ಟಿನ ಬೆಲೆ ನೋಡಿದರೆ ಆ ಜೂಜು ಆಡುವವರ ಲೆಕ್ಕ ನನಗೆ ಅರ್ಥವಾಗಿಲ್ಲ. ಜನರಲ್ ಟಿಕೆಟ್ ತೆಗೆದ ಮೇಲೆ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು ಅನ್ನುವುದೂ ನೆನಪಿರಲಿ. ಬೆಳಿಗ್ಗೆ ತೆಗೆದಿಟ್ಟು ಸಂಜೆ ಹೋಗುವುದಕ್ಕಾಗುವುದಿಲ್ಲ.

ಗಂಟಿನ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನಿಮ್ಮಮ್ಮನಿಗೂ ನನಗೂ ಜಗಳ. ಸೆಕೆಂಡ್ ಕ್ಲಾಸಿನಲ್ಲಿ 35 ಕಿಲೋವರೆಗೆ ಸಾಮಾನು ಒಯ್ಯಲು ರೈಲ್ವೆಯವರು ಬಿಡುತ್ತಾರೆ. ನಿನ್ನ ಭುಜ ಬಿಡುವುದಿಲ್ಲ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಎಷ್ಟು ಮೆಟ್ಟಿಲು ಅಂತ ಲೆಕ್ಕ ಹಾಕು. ಯಶವಂತಪುರದ ಪಾದಚಾರಿ ಸೇತುವೆ, ಮೆಟ್ರೋದ ಮೆಟ್ಟಿಲು, ಆರ್.ವಿ. ರಸ್ತೆಯಲ್ಲಿ ಮಾರ್ಗ ಬದಲಾಯಿಸುವ ಮೆಟ್ಟಿಲು. ಮೆಟ್ರೋದಲ್ಲಿ ಚೀಲವನ್ನು ಯಂತ್ರದೊಳಗೆ ಹಾಕಿ ನೋಡುತ್ತಾರೆ, ತೀರಾ ದೊಡ್ಡದಿದ್ದರೆ ತಕರಾರು ತೆಗೆಯುತ್ತಾರೆ. ಆದ್ದರಿಂದ ಇಪ್ಪತ್ತು ತೆಂಗಿನಕಾಯಿ ಬೇಡ. ನಾಲ್ಕು ಕಾಯಿ, ಸಿಪ್ಪೆ ಸುಲಿದದ್ದು. ಕೊಬ್ಬರಿ ಎರಡು ಗಿಟುಕು, ಅದನ್ನೂ ತುರಿದು ಚಟ್ನಿಪುಡಿ ಮಾಡಿದ್ದರೆ ಇನ್ನೂ ಒಳ್ಳೆಯದು. ಹಾಸಿಗೆ ಬೆಂಗಳೂರಿನಲ್ಲೂ ಸಿಗುತ್ತದೆ. ಎರಡು ಕೈಗೆ ಎರಡು ಚೀಲ ಇದ್ದರೆ ಟಿಕೆಟ್ ತೋರಿಸಲು ಕೈ ಇರುವುದಿಲ್ಲ. ಒಂದು ಬೆನ್ನಿಗೆ, ಒಂದು ಕೈಗೆ, ಇನ್ನೊಂದು ಕೈ ಖಾಲಿ. ಸರ್ಟಿಫಿಕೇಟಿನ ಅಸಲು ಬೆನ್ನಿನ ಚೀಲದಲ್ಲಿ ಇರಲಿ. ಅದನ್ನು ಮೇಲಿನ ಹಲಗೆಗೆ ಹಾಕಬೇಡ, ತೊಡೆಯ ಮೇಲೇ ಇಟ್ಟುಕೊ.

ಸ್ಟೇಷನ್ನಿಗೆ ಬೀಳ್ಕೊಡಲು ಯಾರು ಯಾರು ಬರುತ್ತಾರೆ? ಅಪ್ಪ ಅಮ್ಮ ಬರಲಿ, 10 ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಬರಲಿ. ಡಬ್ಬಿಯೊಳಕ್ಕೆ ಮಾತ್ರ ಯಾರೂ ಹತ್ತುವುದು ಬೇಡ. ನಮ್ಮ ಕಡೆಯ ಗಂಡಸರಿಗೆ ಇದೊಂದು ರೋಗ: ಚೀಲ ಇಟ್ಟು, ಕಿಟಕಿ ಎತ್ತಿ, ಪಕ್ಕದವರಿಗೆ ‘ನಮ್ಮ ಹುಡುಗಿ ಕಣ್ರೀ, ಸ್ವಲ್ಪ ನೋಡ್ಕೊಳ್ಳಿ’ ಅನ್ನುವಷ್ಟರಲ್ಲಿ ಗಾಡಿ ಹೊರಟುಬಿಡುತ್ತದೆ. ಆಮೇಲೆ ಓಡುವ ಗಾಡಿಯಿಂದ ಹಾರುತ್ತಾರೆ, ಇಲ್ಲವೇ ಚೈನು ಎಳೆಯುತ್ತಾರೆ. ಸರಿಯಾದ ಕಾರಣವಿಲ್ಲದೆ ಚೈನು ಎಳೆದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮ್ಮಪ್ಪ ಕೈ ಬೀಸಬೇಕಾದರೆ ಕೆಳಗೆ ನಿಂತೇ ಬೀಸಲಿ.

ಜನರಲ್ ಡಬ್ಬಿಗಳು ಸಾಮಾನ್ಯವಾಗಿ ಗಾಡಿಯ ಮುಂದಿನ ತುದಿಗೆ, ಹಿಂದಿನ ತುದಿಗೆ ಇರುತ್ತವೆ. ಹೆಂಗಸರ ಡಬ್ಬಿಯೂ ಅಲ್ಲೇ ಎಲ್ಲೋ ಸೇರಿಕೊಂಡಿರುತ್ತದೆ. ಎಲ್ಲಿ ನಿಲ್ಲಬೇಕು ಅಂತ ಪ್ಲಾಟ್‌ಫಾರಂ ಮೇಲೆ ಟೀ ಮಾರುವವನನ್ನು ಕೇಳು. ಅವನಿಗೆ ಗೊತ್ತಿರುವಷ್ಟು ಯಾವ ಬೋರ್ಡಿಗೂ ಗೊತ್ತಿಲ್ಲ. ಗಾಡಿ ಬಂದಮೇಲೆ ಓಡಬೇಡ, ಓಡಬೇಕಾಗದ ಜಾಗದಲ್ಲಿ ಮುಂಚೆಯೇ ನಿಲ್ಲು. ಇಳಿಯುವವರು ಇಳಿಯಲಿ. ಒಳಗೆ ಹೋದ ಮೇಲೆ, ಮೂರು ಜನರ ಸೀಟಿನಲ್ಲಿ ಮೂವರೇ ಅಗಲವಾಗಿ ಕೂತಿದ್ದರೆ ಮುಂದೆ ನಿಂತು ಮುಖ ನೋಡುತ್ತಾ ಇರಬೇಡ. ‘ಅಕ್ಕ, ಸ್ವಲ್ಪ ಸರಿಯಿರಿ’ ಅನ್ನು. ಬಾಯಿ ಬಿಟ್ಟು ಕೇಳಿದವರಿಗೆ ಜನರಲ್ ಡಬ್ಬಿಯಲ್ಲಿ ಜಾಗ ಸಿಗದೆ ಇರುವುದು ಕಡಿಮೆ. ಮುಂದೆ ಗುಬ್ಬಿಯಲ್ಲಿ ಮಗು ಎತ್ತಿಕೊಂಡವಳು ಹತ್ತಿದರೆ ನೀನೂ ಸರಿಯಬೇಕು, ಅದು ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಗಾಳಿ ಕುಡಿಯುವ ಶೋಕಿ ಬೇಡ. ಗಾಡಿ ನಿಧಾನವಾಗುವ ಕಡೆ ಕಿಟಕಿಯ ಪಕ್ಕ ಮೊಬೈಲ್ ಹಿಡಿದು ವೀಡಿಯೋ ಮಾಡುವುದೂ ಬೇಡ, ಹೊರಗಿನಿಂದ ಒಂದು ಕೈ ಬಂದು ಹೋಗುವುದಕ್ಕೆ ಅರೆಕ್ಷಣ ಸಾಕು. ಏನಾದರೂ ತೊಂದರೆಯಾದರೆ 139ಕ್ಕೆ ಫೋನ್ ಮಾಡು. ಮುಜುಗರ ಪಟ್ಟುಕೊಂಡು ಸುಮ್ಮನೆ ಕೂರಬೇಡ.

ಕಿಟಕಿ ಸಿಕ್ಕಿದರೆ ಬಿಡಬೇಡ. ಬಾಣಸಂದ್ರದವರೆಗೂ ತೆಂಗಿನ ತೋಟ, ಮಧ್ಯೆ ಮಧ್ಯೆ ರಾಗಿ ಹೊಲ. ಅಮ್ಮಸಂದ್ರದಲ್ಲಿ ಸಿಮೆಂಟು ಕಾರ್ಖಾನೆ. ನಿಟ್ಟೂರು, ಗುಬ್ಬಿ ಕಳೆದು ತುಮಕೂರು ಬರುವವರೆಗೆ ನೀನು ನೋಡುವುದೆಲ್ಲ ನಿನಗೆ ಗೊತ್ತಿರುವ ನಾಡೇ. ತುಮಕೂರು ಬಿಟ್ಟರೆ ಕ್ಯಾತ್ಸಂದ್ರ. ಸಿದ್ಧಗಂಗೆಗೆ ಇಳಿಯುವವರು ಅಲ್ಲಿ ಇಳಿಯುತ್ತಾರೆ, ಆದರೆ ಎಲ್ಲ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುವುದಿಲ್ಲ. ನಿನ್ನ ಸೋದರತ್ತೆಗೆ ಮಠಕ್ಕೆ ಹೋಗಬೇಕಾದಾಗಲೆಲ್ಲ ಇದೇ ಗೋಳು. ಆ ಊರಿನ ತಟ್ಟೆ ಇಡ್ಲಿ ಇಷ್ಟು ಹೆಸರುವಾಸಿಯಾದರೂ ಅದು ಹೆದ್ದಾರಿಯವರ ಪಾಲು. ರೈಲಿನಲ್ಲಿ ಹೋಗುವ ನಮಗೆ ಕಡಲೆಕಾಯಿ, ಉಪ್ಪು ಖಾರ ಹಚ್ಚಿದ ಸೌತೆಕಾಯಿ, ಆರಿದ ವಡೆ. ಮನೆಯ ಬುತ್ತಿಯೇ ಇರಲಿ, ಆದರೆ ಹುಳಿಯನ್ನ ಇರಲಿ, ಸಾರನ್ನ ಬೇಡ. ಡಾಬಸ್‌ಪೇಟೆ ಹತ್ತಿರ ಬೆಂಗಳೂರಿಗೆ ಮುಖ ಮಾಡಿ ಕೂತವರ ಬಲಗಡೆಗೆ ಶಿವಗಂಗೆ ಬೆಟ್ಟ ಕಾಣುತ್ತದೆ. ಒಂದೊಂದು ಕಡೆಯಿಂದ ನೋಡಿದರೆ ಒಂದೊಂದು ಆಕಾರ, ಗಾಡಿ ತಿರುಗಿದ ಹಾಗೆಲ್ಲ ಬೆಟ್ಟವೂ ತಿರುಗುತ್ತದೆ. ಆ ಹೊತ್ತಿಗೆ ಎಲ್ಲರೂ ಮೊಬೈಲ್ ನೋಡುತ್ತಿರುತ್ತಾರೆ.

ತುಮಕೂರಿನ ಬಗ್ಗೆ ಬೇರೆಯೇ ಹೇಳಬೇಕು. ಬೆಳಗಿನ ಗಾಡಿಯಾದರೆ ಅಲ್ಲಿ ಒಂದು ಸೈನ್ಯವೇ ಹತ್ತುತ್ತದೆ. ಪಾಸ್ ಇಟ್ಟುಕೊಂಡು ದಿನಾ ಬೆಂಗಳೂರಿಗೆ ಹೋಗಿಬರುವವರು ಅವರು: ಸರ್ಕಾರಿ ನೌಕರರು, ಬ್ಯಾಂಕಿನವರು, ಕಾಲೇಜು ಮಕ್ಕಳು, ಕೋರ್ಟಿನವರು, ಫ್ಯಾಕ್ಟರಿಯವರು. ಬೆಂಗಳೂರಿನಲ್ಲಿ ದುಡಿದು ತುಮಕೂರಿನಲ್ಲಿ ಮಲಗುವ ಜನ. ಅವರಿಗೆ ತಮ್ಮದೇ ಗುಂಪು, ತಮ್ಮದೇ ಮೂಲೆ, ತಮ್ಮದೇ ಹರಟೆ. ಆಯುಧಪೂಜೆಗೆ ಗಾಡಿಗೆ ಬಾಳೆಕಂದು ಕಟ್ಟಿ, ಪೂಜೆ ಮಾಡಿ, ಸಿಹಿ ಹಂಚುವವರು. ಖಾಲಿ ಸೀಟಿನ ಮೇಲೆ ಒಂದು ಕರ್ಚೀಫು ಬಿದ್ದಿದ್ದರೆ ಅದು ಅವರ ಹತ್ತಿರದವರಿಗೆ ಮೀಸಲು ಅಂತ ಅರ್ಥ. ಯಾವ ಕಾನೂನಿನಲ್ಲಿ ಹಾಗಿದೆ ಅಂತ ಕೇಳಿದರೆ ಇಲ್ಲ, ಕೇಳುವ ಹಕ್ಕು ನಿನಗೆ ಇದೆ. ಆದರೂ ಮೊದಲ ದಿನವೇ ಅವರ ಮೇಲೆ ಜಗಳಕ್ಕೆ ಹೋಗಬೇಡ. ಯಾಕೆಂದರೆ ಈ ದಾರಿಯಲ್ಲಿ ಅವರಿಗಿಂತ ದೊಡ್ಡ ಪಂಡಿತರಿಲ್ಲ. ಇವತ್ತು ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಶವಂತಪುರದಲ್ಲಿ ಯಾವ ಡಬ್ಬಿಯ ಎದುರಿಗೆ ಸೇತುವೆಯ ಮೆಟ್ಟಿಲು ಬೀಳುತ್ತದೆ, ಮೆಟ್ರೋಗೆ ಹೋಗುವ ಬಾಗಿಲು ಯಾವುದು, ಸಿಟಿಗೆ ಮುಂಚೆ ಗಾಡಿಯನ್ನು ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಎಲ್ಲಾ ಅವರಿಗೆ ಗೊತ್ತು. ಆ್ಯಪ್ ನೋಡಿ ಹೇಳುವವನ ಮಾತಿಗಿಂತ ಅವರ ಮಾತು ನಂಬು. ಪಕ್ಕದಲ್ಲಿ ಕೂತ ಅಕ್ಕನನ್ನು ‘ನೀವೂ ಯಶವಂತಪುರಕ್ಕಾ?’ ಅಂತ ಕೇಳು. ಹೌದು ಅಂದರೆ ನಿನ್ನ ಅರ್ಧ ತಲೆಬಿಸಿ ಕಡಿಮೆಯಾಯಿತು, ಅವರು ಎದ್ದಾಗ ನೀನೂ ಏಳು. ಆದರೆ ಪಿಜಿಯ ವಿಳಾಸ, ಒಬ್ಬಳೇ ಇರುತ್ತೀಯಾ, ಸಂಬಳ ಎಷ್ಟು ಅನ್ನುವವರೆಗೆ ಮಾತು ಬೆಳೆಸುವವರು ಇರುತ್ತಾರೆ. ಕೆಟ್ಟ ಬುದ್ಧಿಯಿಂದಲೇ ಕೇಳುತ್ತಾರೆ ಅಂತಲ್ಲ, ನಮ್ಮ ಜನರಿಗೆ ಅದು ಅಭ್ಯಾಸ. ‘ಮಾವ ಕರೆದುಕೊಂಡು ಹೋಗಲು ಬರುತ್ತಾರೆ’ ಅಂದು ಕಿಟಕಿ ಕಡೆ ತಿರುಗು. ಆ ಸುಳ್ಳಿನ ಪಾಪ ನನಗಿರಲಿ.

ಸೋಲದೇವನಹಳ್ಳಿ ದಾಟಿದಾಗ ಚೀಲದ ಜಿಪ್ ಎಲ್ಲಾ ಹಾಕಿದೆಯೇ ನೋಡಿಕೊ. ಚಿಕ್ಕಬಾಣಾವರ ಬಂದಾಗ ಎದ್ದು ನಿಲ್ಲು, ಮುಂದಿನ ದೊಡ್ಡ ಸ್ಟೇಷನ್ ನಿನ್ನದೇ. ಮಧ್ಯೆ ಸಿಗ್ನಲ್‌ನಲ್ಲಿ ಗಾಡಿ ನಿಂತರೆ ಒಂದಷ್ಟು ಹುಡುಗರು ದಬದಬ ಹಾರಿ ಹಳಿ ದಾಟಿ ಹೋಗುತ್ತಾರೆ. ಅದನ್ನು ನೋಡು, ಮಾಡಬೇಡ. ಪಕ್ಕದ ಹಳಿಯಲ್ಲಿ ಕರೆಂಟಿನ ಗಾಡಿ ಬರುವುದು ಹಳೇ ಹೊಗೆಗಾಡಿಯ ಹಾಗೆ ಮೈಲಿ ದೂರದಿಂದ ಕೇಳಿಸುವುದಿಲ್ಲ. ಇಳಿದ ಮೇಲೆ ಜನರ ಜೊತೆ ನುಗ್ಗದೆ ಒಂದು ಕಂಬದ ಪಕ್ಕ ನಿಂತು ಉಸಿರು ಬಿಡು, ಚೀಲ ಎಣಿಸು, ಬೋರ್ಡು ಓದು, ಆಮೇಲೆ ಮೆಟ್ಟಿಲು ಹತ್ತು. ದಾರಿ ಕೇಳುವಾಗ ಕನ್ನಡದಲ್ಲೇ ಕೇಳು. ಸಮವಸ್ತ್ರದಲ್ಲಿ ಇರುವವರನ್ನು, ಇಲ್ಲವೇ ಅಂಗಡಿಯಲ್ಲಿ ಕೂತವರನ್ನು ಕೇಳು. ‘ಎಲ್ಲಿಗೆ ಮೇಡಂ’ ಅಂತ ತಾವಾಗಿ ಬಂದು ಚೀಲಕ್ಕೆ ಕೈ ಹಾಕುವವರನ್ನು ಕೇಳಬೇಡ.

ಊರಿಗೆ ಬರುವುದು ಶುಕ್ರವಾರ ಸಂಜೆಯೇ ಆಗಿರುತ್ತದೆ, ಅದು ಎಲ್ಲರೂ ಬರುವ ಸಂಜೆ. ಶನಿವಾರ ಬೆಳಿಗ್ಗೆ ಹೊರಟರೆ ಕೂತು ಬರಬಹುದು, ಶುಕ್ರವಾರ ನಿಂತು ಬರಬೇಕು. ಅಮ್ಮನ ಅಡುಗೆಗೆ ಒಂದು ರಾತ್ರಿ ಮುಂಚೆ ಸಿಗಲು ಆ ಕಷ್ಟ ಪಡುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಬರುವಾಗ ಇನ್ನೊಂದು ಮೋಸವಿದೆ. ನಾವು ಹಳಬರು ಹಾಸನದ ರೈಲು ಅಂದರೆ ತಿಪಟೂರು ಅರಸೀಕೆರೆ ಮೇಲೆಯೇ ಹೋಗಬೇಕು ಅಂದುಕೊಂಡಿದ್ದೇವೆ, ಆಗ ಹೆಚ್ಚಿನವು ಹಾಗೇ ಹೋಗುತ್ತಿದ್ದವು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಬೇರೆ ಹಳಿ ಬಂತು. ಚಿಕ್ಕಬಾಣಾವರದವರೆಗೆ ಎರಡೂ ಒಂದೇ ದಾರಿ, ಅಲ್ಲಿಂದ ಅದು ಆ ಕಡೆ ತಿರುಗುತ್ತದೆ. ನಮ್ಮ ಬೀದಿಯ ಹುಡುಗನೊಬ್ಬ ಅವರಪ್ಪನ ಮಾತು ಕೇಳಿ ಹಾಸನದ ಗಾಡಿ ಹತ್ತಿ, ನೆಲಮಂಗಲದ ಆಚೆ ಕತ್ತಲಲ್ಲಿ ‘ತುಮಕೂರು ಯಾವಾಗ ಬರುತ್ತದೆ’ ಅಂತ ಕೇಳಿದನಂತೆ. ಡಬ್ಬಿಯೆಲ್ಲ ನಕ್ಕಿತಂತೆ. ಯಶವಂತಪುರದ ಬೋರ್ಡಿನಲ್ಲಿ ತುಮಕೂರು, ಅರಸೀಕೆರೆಯ ಹೆಸರಿದೆಯೇ ನೋಡು. ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಗಾಡಿಗಳು ನಮ್ಮವು, ಆದರೆ ತಿಪಟೂರಿನಲ್ಲಿ ನಿಲ್ಲುತ್ತದೆಯೇ ಅಂತ ಪ್ರತಿಯೊಂದಕ್ಕೂ ಬೇರೆಯಾಗಿಯೇ ಕೇಳಬೇಕು.

ವಾರವೆಲ್ಲ ದುಡಿದು ಹತ್ತಿದವರಿಗೆ ತುಮಕೂರಿನಲ್ಲಿ ಜನ ಇಳಿದು ಸೀಟು ಸಿಕ್ಕಿತೆಂದರೆ ನಿದ್ದೆ ಹತ್ತುವುದು ಸಹಜ. ಗುಬ್ಬಿಗೆ ಸರಿಯಾಗಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಮಲಗು. ಎಚ್ಚರವಾಗದೆ ಮುಂದೆ ಹೋಗಿಬಿಟ್ಟರೆ ಚೈನು ಎಳೆಯಬೇಡ, ಓಡುವ ಗಾಡಿಯಿಂದ ಇಳಿಯಬೇಡ. ಅರಸೀಕೆರೆಯಲ್ಲಿ ಇಳಿ. ಅದು ದೊಡ್ಡ ಜಂಕ್ಷನ್, ರಾತ್ರಿಯೆಲ್ಲ ದೀಪ, ಜನ, ಟೀ ಇರುತ್ತದೆ. ಅಮ್ಮನಿಗೆ ಮಾಡುವ ಮುಂಚೆ ನನಗೆ ಫೋನ್ ಮಾಡು. ವಾಪಸು ಬರುವ ಗಾಡಿ ಯಾವುದಿದೆ ಅಂತ ನಾನು ಹೇಳುತ್ತೇನೆ, ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ ಸ್ವೆಟರ್ ಹಾಕಿಕೊಂಡು ಸ್ಕೂಟರ್ ತೆಗೆಯುತ್ತೇನೆ.